ಕಾಲಿನ ಗಂಟಿಗೆ ಎದೆಯ ಸ್ಕ್ಯಾನ್ ಯಾಕೆ?

"ತಮ್ಮಾ, ಬ್ಯಾನಿ ಕಾಲಾಗ ಅದ. ಎದಿ ಸ್ಕ್ಯಾನ್ ಯಾಕ ಮಾಡ್ಲಾಕತ್ತಾರ?"

ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ, ಸಿಟಿ ಸ್ಕ್ಯಾನ್ ಕೋಣೆಯ ಹೊರಗೆ ಕೂತು ಅಕ್ಕ ಕೇಳಿದಳು. ಒಳಗೆ ಅವಳ ಮಗ ಇದ್ದ. 16 ವರ್ಷದ ಹುಡುಗ. ಮೊಣಕಾಲಿನ ಮೇಲ್ಭಾಗದಲ್ಲಿ ಊತ ಬಂದು ಮೂರು ತಿಂಗಳಾಗಿತ್ತು. ಕಬಡ್ಡಿ ಆಡುವಾಗ ಪೆಟ್ಟಾಗಿದೆ ಅಂದುಕೊಂಡೆವು. ಎಣ್ಣೆ ಹಚ್ಚಿ ತಿಕ್ಕಿಸಿದೆವು. ಎಲುಬು ಕಟ್ಟುವವರ ಹತ್ತಿರ ಪಟ್ಟಿ ಕಟ್ಟಿಸಿದೆವು. ಒಬ್ಬ ಡಾಕ್ಟರು ಎಕ್ಸ್‌ರೇ ತೆಗೆಸದೆ ನೋವಿನ ಮಾತ್ರೆ ಬರೆದುಕೊಟ್ಟರು. ರಾತ್ರಿ ನೋವು ಜಾಸ್ತಿಯಾಗಿ ಹುಡುಗನಿಗೆ ನಿದ್ದೆಯೇ ಇಲ್ಲದಂತಾದಾಗ ಎಕ್ಸ್‌ರೇ ಆಯಿತು, ಆಮೇಲೆ ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆ. ಆಸ್ಟಿಯೋಸಾರ್ಕೋಮಾ ಅಂದರು. ಎಲುಬಿನಲ್ಲೇ ಹುಟ್ಟುವ ಕ್ಯಾನ್ಸರ್.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ರಕ್ತ ಸಂಚಾರದ ಚಿತ್ರವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಅಕ್ಕನ ಪ್ರಶ್ನೆಗೆ ಉತ್ತರ ಆ ಚಿತ್ರದಲ್ಲೇ ಇತ್ತು. ಕೈಯಲ್ಲಿದ್ದ ಫೈಲಿನ ಹಿಂದೆ ಪೆನ್ನಿನಿಂದ ಅದನ್ನೇ ಬರೆದು ತೋರಿಸಿದೆ.

ಎಲುಬು, ಸ್ನಾಯು, ಕೊಬ್ಬು, ಮೆದು ಎಲುಬು, ಇಂಥ ಕಡೆ ಹುಟ್ಟುವ ಕ್ಯಾನ್ಸರಿಗೆ ಸಾರ್ಕೋಮಾ ಅನ್ನುತ್ತಾರೆ. ಅದರಲ್ಲಿ 50ಕ್ಕೂ ಹೆಚ್ಚು ಬಗೆ ಇವೆ. ಸ್ತನ ಅಥವಾ ಬಾಯಿಯ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಹತ್ತಿರದ ಹಾಲ್ರಸ ಗ್ರಂಥಿಗಳಿಗೆ, ಅಂದರೆ ಸೋಂಕಾದಾಗ ಊದಿಕೊಳ್ಳುವ ಸಣ್ಣ ಗಂಟುಗಳಿಗೆ (ಲಿಂಫ್ ನೋಡ್), ಹೋಗುತ್ತದೆ. ಅದಕ್ಕೇ ಡಾಕ್ಟರು ಕಂಕುಳು, ಕುತ್ತಿಗೆ ಮುಟ್ಟಿ ನೋಡುವುದು. ಸಾರ್ಕೋಮಾ ಹೆಚ್ಚಾಗಿ ರಕ್ತದ ದಾರಿ ಹಿಡಿಯುತ್ತದೆ. ಕಾಲಿನಿಂದ ಹೊರಟ ರಕ್ತ ತೊಡೆಯ ನಾಳ ಸೇರಿ, ಹೊಟ್ಟೆಯ ದೊಡ್ಡ ನಾಳದಲ್ಲಿ ಮೇಲೇರಿ, ಹೃದಯದ ಬಲಭಾಗಕ್ಕೆ ಬರುತ್ತದೆ. ಅಲ್ಲಿಂದ ನೇರ ಶ್ವಾಸಕೋಶಕ್ಕೆ. ನಡುವೆ ಎಲ್ಲೂ ಸೋಸುವ ಜಾಗ ಇಲ್ಲ. ಕೈಯ ರಕ್ತದ್ದೂ ಇದೇ ಕಥೆ. ಕರುಳಿನ ರಕ್ತ ಮಾತ್ರ ಮೊದಲು ಲಿವರ್‌ಗೆ ಹೋಗುತ್ತದೆ. ಹಾಗಾಗಿ ಕರುಳಿನ ಕ್ಯಾನ್ಸರ್ ಲಿವರ್‌ನಲ್ಲಿ ಜಾಸ್ತಿ ಕಾಣುತ್ತದೆ.

ಶ್ವಾಸಕೋಶದ ಅತಿ ಸಣ್ಣ ರಕ್ತನಾಳಗಳ ಅಗಲ ಸುಮಾರು 7ರಿಂದ 8 ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ 1000 ಮೈಕ್ರಾನ್ ಇರುತ್ತವೆ. ಕೆಂಪು ರಕ್ತಕಣಗಳು ಅದರಲ್ಲಿ ಒಂದರ ಹಿಂದೆ ಒಂದು ಮೈ ಬಾಗಿಸಿಕೊಂಡು ಹೋಗುತ್ತವೆ. ಕ್ಯಾನ್ಸರ್ ಕೋಶ ಅದಕ್ಕಿಂತ ದೊಡ್ಡದು. ಸಾಮಾನ್ಯವಾಗಿ 15ರಿಂದ 20 ಮೈಕ್ರಾನ್. ಸಿಕ್ಕಿಕೊಳ್ಳುತ್ತದೆ. ಸಾಣಿಗೆಯಲ್ಲಿ ಹಿಟ್ಟು ಇಳಿದು ನುಚ್ಚು ಮೇಲೆ ಉಳಿಯುತ್ತದಲ್ಲ, ಹಾಗೆ. ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಈ ಸಾಣಿಗೆಯ ಮೂಲಕ ಹಾಯುತ್ತದೆ.

ಸಾಣಿಗೆಯ ಮಾತು ಇಲ್ಲಿಗೇ ಮುಗಿಯುವುದಿಲ್ಲ. ಸಿಕ್ಕಿಕೊಂಡದ್ದೆಲ್ಲ ಮೊಳೆಯಬೇಕು ಅಂತ ಏನಿಲ್ಲ. 1889ರಲ್ಲಿ ಇಂಗ್ಲೆಂಡಿನ ಸರ್ಜನ್ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರಿನಿಂದ ಸತ್ತ 735 ಹೆಂಗಸರ ದಾಖಲೆ ನೋಡಿದರು. ರಕ್ತ ಎಲ್ಲ ಅಂಗಕ್ಕೂ ಹೋಗುತ್ತದೆ, ಆದರೆ ಕ್ಯಾನ್ಸರ್ ಕೆಲವು ಅಂಗಗಳಲ್ಲೇ ಬೇರೂರುತ್ತದೆ. ಬೀಜ ಎಲ್ಲ ಕಡೆ ಬೀಳಬಹುದು, ಒಗ್ಗುವ ನೆಲದಲ್ಲಿ ಮಾತ್ರ ಬೆಳೆಯುತ್ತದೆ ಎಂಬುದು ಅವರ ವಾದ. ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೇ ತೊಗರಿ ಎರೆ ಹೊಲದಲ್ಲಿ ಆಳಕ್ಕೆ ಬೇರು ಬಿಟ್ಟು ತೂಗುತ್ತದೆ, ಕಲ್ಲು ನೆಲದಲ್ಲಿ ಗೇಣುದ್ದ ಎದ್ದು ಸೊರಗುತ್ತದೆ.

ಕ್ಯಾನ್ಸರಿಗೆ ಶ್ವಾಸಕೋಶ ಸುಲಭದ ನೆಲ ಏನಲ್ಲ. ಇದು ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ. 1970ರಲ್ಲಿ ಐಸಾಯ ಫಿಡ್ಲರ್ ಎಂಬ ವಿಜ್ಞಾನಿ ಗುರುತು ಹಚ್ಚಿದ ಕ್ಯಾನ್ಸರ್ ಕೋಶಗಳನ್ನು ಇಲಿಗಳ ರಕ್ತಕ್ಕೆ ಬಿಟ್ಟು ಎಣಿಸುತ್ತಾ ಹೋದರು. ಎರಡು ವಾರದ ಹೊತ್ತಿಗೆ ಸಾವಿರಕ್ಕೆ ಒಂದೂ ಬದುಕಿರಲಿಲ್ಲ. ಶ್ವಾಸಕೋಶದ ಒಳಪದರದ ಕೋಶಗಳ ಮೇಲೆ ಫ್ಯಾಸ್ ಲೈಗ್ಯಾಂಡ್ ಎಂಬ ಪ್ರೋಟೀನ್ ಇರುತ್ತದೆ. ಒಳಬಂದ ಕೋಶದ ಮೈಮೇಲೆ ಫ್ಯಾಸ್ ಎಂಬ ಜೋಡಿ ಪ್ರೋಟೀನ್ ಇದ್ದರೆ, ಎರಡೂ ಕೂಡಿಕೊಂಡು ಆ ಕೋಶ ಸಾಯುತ್ತದೆ. ಆಸ್ಟಿಯೋಸಾರ್ಕೋಮಾ ಶ್ವಾಸಕೋಶದಲ್ಲಿ ಕಟ್ಟಿದ ಗಂಟುಗಳನ್ನು ಪರೀಕ್ಷಿಸಿದಾಗ, ಫ್ಯಾಸ್ ಇಲ್ಲದ ಅಥವಾ ತೀರಾ ಕಮ್ಮಿ ಇರುವ ಕೋಶಗಳೇ ಹೆಚ್ಚಾಗಿ ಸಿಕ್ಕವು. ಕಾವಲು ತಪ್ಪಿಸಿಕೊಂಡವು ಮಾತ್ರ ಉಳಿದಿದ್ದವು.

ಉಳಿದವು ತಮ್ಮ ಹುಟ್ಟುಗುಣ ಬಿಡುವುದಿಲ್ಲ. ಎಲುಬಿನ ಕ್ಯಾನ್ಸರ್ ಶ್ವಾಸಕೋಶಕ್ಕೆ ಹೋದರೂ ಅದು ಶ್ವಾಸಕೋಶದ ಕ್ಯಾನ್ಸರ್ ಆಗುವುದಿಲ್ಲ. ಉಸಿರಾಡುವ ಮೆತ್ತನೆ ಅಂಗದೊಳಗೆ ಕೂತು ಎಲುಬನ್ನೇ ಕಟ್ಟುತ್ತದೆ! ಅದಕ್ಕೇ ಔಷಧವೂ ಎಲುಬಿನ ಕ್ಯಾನ್ಸರಿನದ್ದೇ.

ಬೇರೆ ದಾರಿ ಹಿಡಿಯುವ ಸಾರ್ಕೋಮಾಗಳೂ ಇವೆ. ಮಿಕ್ಸಾಯ್ಡ್ ಲೈಪೋಸಾರ್ಕೋಮಾ ಎಂಬ ಕೊಬ್ಬಿನ ಕ್ಯಾನ್ಸರ್ ಬೆನ್ನುಮೂಳೆಗೆ, ಬೇರೆ ಕಡೆಯ ಕೊಬ್ಬಿಗೆ ಹೋಗುತ್ತದೆ. ಅಂಥವರಿಗೆ ಎದೆಯ ಸ್ಕ್ಯಾನ್ ಒಂದೇ ಸಾಲದು.

ಅಕ್ಕನ ಎರಡನೇ ಪ್ರಶ್ನೆ ಹೆಚ್ಚು ಕಷ್ಟದ್ದು. "ಕಾಲಿನ ಗಂಟು ತಗದ್ರ ಮುಗೀತಲ್ಲ, ಕೀಮೋ ಯಾಕ?" 1970ರ ದಶಕಕ್ಕೆ ಮುಂಚೆ ಡಾಕ್ಟರುಗಳು ಮಾಡುತ್ತಿದ್ದದ್ದು ಅದನ್ನೇ. ಇಡೀ ಕಾಲು ಕತ್ತರಿಸುತ್ತಿದ್ದರು. ಎದೆಯ ಎಕ್ಸ್‌ರೇ ಶುದ್ಧ ಇರುತ್ತಿತ್ತು. ಆದರೂ 100ರಲ್ಲಿ 80ಕ್ಕಿಂತ ಹೆಚ್ಚು ಮಂದಿ ಉಳಿಯುತ್ತಿರಲಿಲ್ಲ, ಬಹುತೇಕ ಶ್ವಾಸಕೋಶದಲ್ಲಿ ಗಂಟು ಎದ್ದೇ ಹೋಗುತ್ತಿದ್ದರು. ಕಾಲು ಕತ್ತರಿಸುವ ಮೊದಲೇ ಕಣ್ಣಿಗೆ ಕಾಣದ ಬೀಜಗಳು ಅಲ್ಲಿಗೆ ತಲುಪಿರುತ್ತಿದ್ದವು. ಕೀಮೋ ಅಂದರೆ ರಕ್ತದ ಜೊತೆ ಮೈಯೆಲ್ಲ ಹರಿದು ಅಂಥ ಬೀಜಗಳನ್ನೂ ಕೊಲ್ಲುವ ಔಷಧ. ಅದನ್ನು ಸೇರಿಸಿದ ಮೇಲೆ, ಎದೆಯಲ್ಲಿ ಗಂಟು ಕಾಣದೆ ಬಂದವರಲ್ಲಿ ಸುಮಾರು 60ರಿಂದ 70 ಮಂದಿ ಬದುಕುವಂತಾಯಿತು. ಹೆಚ್ಚಿನವರ ಕಾಲೂ ಉಳಿಯುತ್ತದೆ. ಕೆಟ್ಟ ಎಲುಬು ತೆಗೆದು ಲೋಹದ ಕೀಲು ಕೂರಿಸುತ್ತಾರೆ.

ಕೆನಡಾದ ಟೆರ್ರಿ ಫಾಕ್ಸ್ ಹೆಸರು ಕೇಳಿರಬಹುದು. ಇದೇ ಕಾಯಿಲೆಗೆ 1977ರಲ್ಲಿ ಅವನ ಬಲಗಾಲು ತೆಗೆದರು. 1980ರಲ್ಲಿ ಕೃತಕ ಕಾಲಿನ ಮೇಲೆ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಓಡತೊಡಗಿದ. 143 ದಿನ, 5373 ಕಿಲೋಮೀಟರ್. ಆಗ ಕೆಮ್ಮು, ಎದೆನೋವು ಬಂತು. ಶ್ವಾಸಕೋಶದಲ್ಲಿ ಗಂಟುಗಳಿದ್ದವು. ಮರುವರ್ಷ 22ರ ವಯಸ್ಸಿಗೇ ತೀರಿಕೊಂಡ. ಮೂರು ವರ್ಷ ಸುಮ್ಮನಿದ್ದ ಬೀಜ ಹೀಗೂ ಏಳುತ್ತದೆ.

ಶ್ವಾಸಕೋಶದ ಒಳಗೆ ನೋವಿನ ನರಗಳಿಲ್ಲ. ಗಂಟು ಅಂಚಿಗೆ ಬಂದು ಪೊರೆಯನ್ನು ಮುಟ್ಟುವವರೆಗೆ ಏನೂ ಗೊತ್ತಾಗದಿರಬಹುದು. ಹಾಗಾಗಿ ಲಕ್ಷಣ ಕಾಣಲಿ ಅಂತ ಕಾಯುವ ಹಾಗಿಲ್ಲ. ಎಕ್ಸ್‌ರೇಯಲ್ಲಿ ತಪ್ಪಿಹೋಗುವ ಕೆಲವೇ ಮಿಲಿಮೀಟರಿನ ಚುಕ್ಕೆ ಸಿಟಿಯಲ್ಲಿ ಕಾಣುತ್ತದೆ. ನಮ್ಮ ಹುಡುಗನಲ್ಲೂ ಬಲಭಾಗದಲ್ಲಿ ಒಂದು ಕಂಡಿತು. 4 ಮಿಲಿಮೀಟರ್.

ಅದು ಏನು ಅಂತ ಆವತ್ತೇ ಹೇಳಲು ಆಗುವುದಿಲ್ಲ ಅಂದರು ಡಾಕ್ಟರು. ನಮ್ಮ ದೇಶದಲ್ಲಿ ಟಿಬಿ ಜಾಸ್ತಿ. ಎಂದೋ ವಾಸಿಯಾದ ಟಿಬಿಯೂ ಇಂಥದೇ ಕಲೆ ಬಿಟ್ಟಿರುತ್ತದೆ. ಹಳೇ ಕಲೆಗಳಲ್ಲಿ ಸುಣ್ಣದಂಶ ಕೂಡಿ ಬಿಳಿಯಾಗಿ ಕಾಣುತ್ತವೆ, ಸಾಮಾನ್ಯವಾಗಿ ಅದು ಒಳ್ಳೆಯ ಗುರುತು. ಆದರೆ ಎಲುಬು ಕಟ್ಟುವ ಕ್ಯಾನ್ಸರಿನ ಗಂಟೂ ಹಾಗೇ ಬಿಳಿಯಾಗಿರಬಹುದು ಅಲ್ವಾ? ಕೆಲವು ವಾರ ಬಿಟ್ಟು ಮತ್ತೆ ನೋಡುವುದೇ ದಾರಿ. ಬೆಳೆದರೆ ಒಂದು ಅರ್ಥ, ಹಾಗೇ ಇದ್ದರೆ ಇನ್ನೊಂದು. ಕ್ಯಾನ್ಸರೇ ಆಗಿದ್ದರೂ ಅಲ್ಲಿಗೆ ಮುಗಿಯಿತು ಅಂತಲ್ಲ. ಗಂಟುಗಳು ಕೆಲವೇ ಇದ್ದು, ಎಲ್ಲವನ್ನೂ ತೆಗೆಯಲು ಬಂದರೆ, ಎದೆ ತೆರೆದು ಅಷ್ಟನ್ನೇ ಕತ್ತರಿಸಿ ತೆಗೆಯುತ್ತಾರೆ. ಹಾಗೆ ತೆಗೆಸಿಕೊಂಡು ವರ್ಷಗಟ್ಟಲೆ ಬದುಕಿದವರಿದ್ದಾರೆ.

ಬಯಾಪ್ಸಿಯ ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಅಂತ ಊರಲ್ಲಿ ನಾಲ್ಕು ಜನ ಹೆದರಿಸಿದರು. ಮುಂದೆ ಆಪರೇಷನ್ ಮಾಡುವ ತಂಡವೇ ಜಾಗ ನೋಡಿ ಚುಚ್ಚಿದರೆ ಆ ಭಯ ಬೇಕಿಲ್ಲ. ಭಯ ಪಡಬೇಕಾದದ್ದು ತಿಕ್ಕುವುದಕ್ಕೆ. ಗಂಟನ್ನು ಒತ್ತಿ ಮಾಲೀಶು ಮಾಡಿದರೆ ಕೋಶಗಳು ರಕ್ತಕ್ಕೆ ನುಗ್ಗಬಹುದು ಅಂತ ಡಾಕ್ಟರುಗಳು ಬೇಡವೆನ್ನುತ್ತಾರೆ. ನಮಗೆ ಅದು ಗೊತ್ತಿರಲಿಲ್ಲ. ಮೊಣಕಾಲಿನ ಸುತ್ತ ಹಗಲೂ ರಾತ್ರಿ ನೋವಿದ್ದು, ಊತ ಇಳಿಯದಿದ್ದರೆ, ಪಟ್ಟಿ ಕಟ್ಟುವ ಮೊದಲು ಒಂದು ಎಕ್ಸ್‌ರೇ ತೆಗೆಸಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೂ ಇದೆ. ಬೀದರ, ಯಾದಗಿರಿಯವರಿಗೆ ಅದು ಬೆಂಗಳೂರಿನಷ್ಟು ದೂರ ಅಲ್ಲ.

ಮೂರು ಸುತ್ತು ಕೀಮೋ ಆದ ಮೇಲೆ ಇನ್ನೊಂದು ಸ್ಕ್ಯಾನ್ ಆಯಿತು. ಚುಕ್ಕೆ 4 ಮಿಲಿಮೀಟರೇ ಇತ್ತು. ಕಾಲಿನ ಆಪರೇಷನ್ನೂ ಆಯಿತು. ಈಗ ಮೂರು ತಿಂಗಳಿಗೊಮ್ಮೆ ಎದೆಯ ಸ್ಕ್ಯಾನ್. ಯಾಕೆ ಅಂತ ಅಕ್ಕ ಈಗ ಕೇಳುವುದಿಲ್ಲ. ಮುಂದಿನದು ಎಳ್ಳ ಅಮಾಸಿ ಆದ ನಾಲ್ಕನೇ ದಿನ. ಹಬ್ಬಕ್ಕೆ ಹೊಲಕ್ಕೆ ಹೋಗಿಯೇ ಬರೋಣ ಅಂದಿದ್ದಾಳೆ. ಭಜ್ಜಿ, ಸಜ್ಜಿ ರೊಟ್ಟಿ ಅವನಿಗೆ ಬಹಳ ಇಷ್ಟ.