ಡ್ಯೂಕ್‌ಗೆ ಎಲ್ಲೆಲ್ಲಿ ಬಿಸಿಯಾಯಿತು?

ಎಂಆರ್‌ಐ ಮಾಡಿಸಿದರೆ ‘ವಿಕಿರಣ’ ತಗಲುತ್ತದೆ ಎಂದು ಹೆದರಿಸುವವರಿಗೆ ಈಗಲೂ ಬರವಿಲ್ಲ. ಎಕ್ಸ್‌-ರೇಯಂತೆ ಅಣುಗಳನ್ನು ಒಡೆಯುವ ತಾಕತ್ತು ಅದರ ರೇಡಿಯೋ ತರಂಗಗಳಿಗಿಲ್ಲ. ಅವು ದೇಹವನ್ನು ಬಿಸಿ ಮಾಡುತ್ತವೆ, ಹೆದರಲೇಬೇಕೆಂದರೆ ಅದಕ್ಕೆ ಹೆದರಿ. ಆ ಬಿಸಿ ಎಲ್ಲೆಡೆ ಸಮನಾಗಿ ಹರಡುವುದಿಲ್ಲ ಎಂಬುದೇ ತೊಡಕು.

3 ಟೆಸ್ಲಾ (ಟೆಸ್ಲಾ ಎಂದರೆ ಕಾಂತದ ಬಲದ ಅಳತೆ) ಯಂತ್ರದ ತರಂಗ ಸುಮಾರು 128 ಮೆಗಾಹರ್ಟ್ಸ್‌ನದು. ಗಾಳಿಯಲ್ಲಿ ಎರಡು ಮೀಟರಿಗೂ ಮಿಕ್ಕ ಅದರ ತರಂಗದೂರ, ನೀರು ತುಂಬಿದ ಸ್ನಾಯುವಿನೊಳಗೆ ಮೂವತ್ತು ಸೆಂಟಿಮೀಟರಿನ ಆಸುಪಾಸಿಗೆ ಕುಗ್ಗುತ್ತದೆ. ಹೊಟ್ಟೆಯ ಅಗಲವೂ ಹೆಚ್ಚುಕಡಿಮೆ ಅಷ್ಟೇ! ಹಾಗಾಗಿ ಅಲೆಗಳು ಒಂದೆಡೆ ಕೂಡಿ ಬಲಗೊಳ್ಳುತ್ತವೆ, ಇನ್ನೊಂದೆಡೆ ಒಂದನ್ನೊಂದು ಅಳಿಸುತ್ತವೆ. 7 ಟೆಸ್ಲಾದಲ್ಲಿ ಈ ರಂಪ ತಲೆಯೊಳಗೇ.

ಒಟ್ಟು ಎಷ್ಟು ಶಕ್ತಿ ಹೋಯಿತೆಂದು ಯಂತ್ರ ಅಳೆಯಬಲ್ಲದು. ಸಾಮಾನ್ಯ ಸ್ಕ್ಯಾನ್‌ನಲ್ಲಿ ಇಡೀ ದೇಹಕ್ಕೆ ಸರಾಸರಿ ಕಿಲೋಗೆ 2 ವ್ಯಾಟ್ ಮೀರಬಾರದು. ಆದರೆ ಅದು ಒಳಗೆ ಎಲ್ಲಿ ಜಮಾಯಿಸಿತು? ಅದನ್ನು ಲೆಕ್ಕ ಹಾಕಿಯೇ ತಿಳಿಯಬೇಕು.

ವಿದ್ಯುತ್ ಮತ್ತು ಕಾಂತಕ್ಷೇತ್ರಗಳ ನಡೆಯನ್ನು ಹೇಳುವ ಮ್ಯಾಕ್ಸ್‌ವೆಲ್ಲನ ಸಮೀಕರಣಗಳು 1865ರಿಂದಲೂ ಇವೆ. ಮನುಷ್ಯನ ಅಂಕುಡೊಂಕು ದೇಹಕ್ಕೆ ಅವನ್ನು ಕಾಗದದ ಮೇಲೆ ಬಿಡಿಸಲಾಗದು, ಅಷ್ಟೇ. 1966ರಲ್ಲಿ ಕೇನ್ ಯೀ ಒಂದು ಸೊಗಸಾದ ಉಪಾಯ ಕೊಟ್ಟರು. ಜಾಗವನ್ನೆಲ್ಲ ಪುಟ್ಟ ಘನಗಳಾಗಿ ಕತ್ತರಿಸಿ, ಅಂಚುಗಳ ಮೇಲೆ ವಿದ್ಯುತ್ ಕ್ಷೇತ್ರವನ್ನೂ ಮುಖಗಳ ನಟ್ಟನಡುವೆ ಕಾಂತಕ್ಷೇತ್ರವನ್ನೂ ಕೂರಿಸಿ. ಒಂದು ಮುಖದ ನಾಲ್ಕು ಅಂಚುಗಳನ್ನು ಸುತ್ತುವ ವಿದ್ಯುತ್ ಕ್ಷೇತ್ರ ಆ ಮುಖದ ಕಾಂತಕ್ಷೇತ್ರವನ್ನು ಬದಲಿಸುತ್ತದೆ. ಬದಲಾದ ಕಾಂತಕ್ಷೇತ್ರಗಳು ತಮ್ಮ ನಡುವಿನ ಅಂಚಿನ ವಿದ್ಯುತ್ ಕ್ಷೇತ್ರವನ್ನು ಬದಲಿಸುತ್ತವೆ. ಎರಡನ್ನೂ ಒಟ್ಟಿಗೆ ಲೆಕ್ಕ ಹಾಕುವಂತಿಲ್ಲ. ನಡೆಯುವಾಗ ಎಡಗಾಲು ಊರಿದ ಮೇಲೆಯೇ ಬಲಗಾಲು ಎತ್ತುತ್ತೇವಲ್ಲ, ಹಾಗೆ ಅರ್ಧ ಹೆಜ್ಜೆಯ ಅಂತರದಲ್ಲಿ ಸರದಿ. ಹೆಜ್ಜೆ ದೊಡ್ಡದಾದರೆ ಲೆಕ್ಕ ಮುಗ್ಗರಿಸಿ ಸಂಖ್ಯೆಗಳು ಸ್ಫೋಟಿಸುತ್ತವೆ: 2 ಮಿಲಿಮೀಟರ್ ಘನಕ್ಕೆ ಕಾಲದ ಹೆಜ್ಜೆ 4 ಪಿಕೋಸೆಕೆಂಡಿಗಿಂತ (ಪಿಕೋಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು) ಕಿರಿದಿರಬೇಕು. ತರಂಗದ ಒಂದೇ ಒಂದು ಕಂಪನಕ್ಕೆ ಸುಮಾರು ಎರಡು ಸಾವಿರ ಹೆಜ್ಜೆ. 70 ಲೀಟರಿನ ದೇಹದಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಘನಗಳು!

(ಮೈಕ್ರೋವೇವ್ ತಗಲಿದ ಕಣ್ಣು ಎಷ್ಟು ಬಿಸಿಯಾದೀತೆಂದು 1975ರಲ್ಲೇ ಟಾಫ್ಲೋವ್ ಮತ್ತು ಬ್ರಾಡ್ವಿನ್ ಇದೇ ವಿಧಾನದಿಂದ ಲೆಕ್ಕ ಹಾಕಿದ್ದರು. ಅಂದಿನ ಕಂಪ್ಯೂಟರುಗಳಲ್ಲಿ!)

ಘನಗಳಿಗೆ ದೇಹ ಕೊಟ್ಟವರಲ್ಲಿ ಡ್ಯೂಕ್ ಒಬ್ಬ. 34 ವರ್ಷದ ಸ್ವಯಂಸೇವಕನೊಬ್ಬನ ಎಂಆರ್‌ಐ ಚಿತ್ರಗಳಿಂದಲೇ ಕಟ್ಟಿದ ಗಣಕ ದೇಹ ಅದು. ಜೊತೆಗೆ ಎಲಾ, ಬಿಲೀ, ಆರು ವರ್ಷದ ಥೆಲೋನಿಯಸ್ ಇದ್ದಾರೆ. ಕೊಬ್ಬು, ಸ್ನಾಯು, ಮಿದುಳು ದ್ರವ ಎಂದು ಪ್ರತಿ ಘನಕ್ಕೂ ಅದರದೇ ವಿದ್ಯುತ್ ಗುಣ. ಇವರನ್ನು ಸಾವಿರ ಸಲ ಸುಟ್ಟರೂ ಯಾರೂ ದೂರು ಕೊಡುವುದಿಲ್ಲ.

ಆದರೆ ಯಂತ್ರದೊಳಗೆ ಮಲಗುವವರು ಡ್ಯೂಕ್ ಅಲ್ಲ. ಅವರ ಸೊಂಟದ ಸುತ್ತಳತೆ ಬೇರೆ, ಮಲಗುವ ಭಂಗಿ ಬೇರೆ. ಆದ್ದರಿಂದ ಹಲವು ಆಂಟೆನಾಗಳಿಂದ ತರಂಗ ಹಾಯಿಸುವ ಯಂತ್ರಗಳಲ್ಲಿ, ಮಾದರಿಗಳು ತೋರಿಸಿದ ಅತಿ ಬಿಸಿ ತಾಣಕ್ಕೆ ಇನ್ನಷ್ಟು ಸುರಕ್ಷತೆಯ ಅಂತರ ಸೇರಿಸಿ ಮಿತಿ ಹಾಕುತ್ತಾರೆ. ನಿಮ್ಮ ದೇಹ ತಾಳಬಲ್ಲುದಕ್ಕಿಂತ ಕಡಿಮೆ ಶಕ್ತಿಯಲ್ಲೇ ಕೆಲಸ ನಡೆಯುವುದರಿಂದ, ಸ್ಕ್ಯಾನ್ ಕೆಲವೊಮ್ಮೆ ಇನ್ನಷ್ಟು ಹೊತ್ತು ಹಿಡಿಯುತ್ತದೆ.