ತೋಳ ಜಾಸ್ತಿಯಾದರೆ ಬೇಟೆಗಾರರಿಗೆ ಜಿಂಕೆ ಸಿಗಲ್ವಾ?

ಪ್ರಶ್ನೆ: ಅಮೆರಿಕದ ವಿಸ್ಕಾನ್ಸಿನ್, ಮಿನ್ನೆಸೋಟ ರಾಜ್ಯಗಳ ಬೇಟೆಗಾರರು ‘ಜಿಂಕೆಯನ್ನೆಲ್ಲ ತೋಳಗಳೇ ತಿಂದು ಮುಗಿಸಿವೆ’ ಅನ್ನುತ್ತಾರೆ. ಇದು ನಿಜವೇ?

ಉತ್ತರ: ಇಡೀ ರಾಜ್ಯದ ಲೆಕ್ಕ ಹಿಡಿದರೆ ನಿಜವಲ್ಲ. ಆ ಬೇಟೆಗಾರ ಕಾದು ಕೂರುವ ಕಾಡಿನ ಲೆಕ್ಕ ಹಿಡಿದರೆ, ಕೆಲವು ವರ್ಷ ಅದರಲ್ಲಿ ನಿಜಾಂಶ ಇರುತ್ತದೆ.

ವಿಸ್ಕಾನ್ಸಿನ್‌ನಲ್ಲಿ ಸುಮಾರು 1,000 ತೋಳಗಳಿವೆ. ಒಂದು ತೋಳ ವರ್ಷಕ್ಕೆ 15ರಿಂದ 20 ಜಿಂಕೆ ಹಿಡಿಯುತ್ತದೆ ಎಂಬುದು ಅಲ್ಲಿ ಸಾಮಾನ್ಯವಾಗಿ ಬಳಸುವ ಅಂದಾಜು. ಹಾಗಾದರೆ ಹೆಚ್ಚೆಂದರೆ 20,000 ಜಿಂಕೆ. ಅದೇ ರಾಜ್ಯದಲ್ಲಿ ಬೇಟೆಗಾರರು ವರ್ಷಕ್ಕೆ ಸುಮಾರು 3 ಲಕ್ಷ ಜಿಂಕೆ ಹೊಡೆಯುತ್ತಾರೆ. ಒಟ್ಟು ಜಿಂಕೆಗಳು 15 ಲಕ್ಷಕ್ಕೂ ಮೇಲಿವೆ.

ಇಷ್ಟು ಹೇಳಿ ಬೇಟೆಗಾರರ ಬಾಯಿ ಮುಚ್ಚಿಸುವುದು ಸರಿಯಲ್ಲ. ಜಿಂಕೆ ತುಂಬಿರುವುದು ದಕ್ಷಿಣದ ಹೊಲಗಳ ಕಡೆ. ತೋಳ ಇರುವುದು ಹೆಚ್ಚಾಗಿ ಉತ್ತರದ ಕಾಡಿನಲ್ಲಿ. ಅಲ್ಲಿ ನಾಲ್ಕೈದು ತೋಳಗಳ ಒಂದು ಹಿಂಡು ಸುಮಾರು 150 ಚದರ ಕಿಲೋಮೀಟರ್ ಕಾಡನ್ನು ತನ್ನದೆಂದು ಕಾಯುತ್ತದೆ. ವರ್ಷಕ್ಕೆ 80–100 ಜಿಂಕೆ ಎಂದಿಟ್ಟುಕೊಂಡರೂ, ಎರಡು ಚದರ ಕಿಲೋಮೀಟರಿಗೆ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಕಾಡಿನಲ್ಲಿ ಜಿಂಕೆ ಚೆನ್ನಾಗಿದ್ದಾಗ ಇದು ಗೊತ್ತೇ ಆಗುವುದಿಲ್ಲ. ಮೊದಲೇ ಕಡಿಮೆಯಿದ್ದರೆ ಖಂಡಿತ ಗೊತ್ತಾಗುತ್ತದೆ.

ಹಾಗಾದರೆ ಜಿಂಕೆ ಮೊದಲೇ ಕಡಿಮೆಯಾಗುವುದು ಯಾಕೆ? ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಇದು. ಉತ್ತರದ ಕಾಡಿನಲ್ಲಿ ಇದಕ್ಕೆ ದೊಡ್ಡ ಕಾರಣ ಹಿಮ. ವಿಸ್ಕಾನ್ಸಿನ್‌ನಲ್ಲಿ ಚಳಿಗಾಲಕ್ಕೆ ಅಂಕ ಕೊಡುತ್ತಾರೆ. ನೆಲದ ಮೇಲೆ 18 ಇಂಚು, ಅಂದರೆ ಸುಮಾರು 45 ಸೆಂಟಿಮೀಟರ್ ಹಿಮ ಇದ್ದ ದಿನಕ್ಕೆ ಒಂದು ಅಂಕ. ಮೈನಸ್ 18 ಡಿಗ್ರಿಗೆ ಇಳಿದ ದಿನಕ್ಕೆ ಇನ್ನೊಂದು. ಅಂಕ ಹೆಚ್ಚಾದಷ್ಟೂ ಚಳಿಗಾಲ ಕಠಿಣ ಎಂದರ್ಥ. ಹಿಮ ಅಷ್ಟು ಆಳವಾದರೆ ಜಿಂಕೆಯ ಸಣ್ಣ ಗೊರಸು ಹೂತುಹೋಗುತ್ತದೆ, ತೋಳದ ಅಗಲ ಪಾದ ಅಷ್ಟಾಗಿ ಹೂಳುವುದಿಲ್ಲ. ಮೇವೂ ಸಿಗದೆ ಜಿಂಕೆ ಮೈಯ ಕೊಬ್ಬು ಕರಗಿಸಿಕೊಂಡೇ ಬದುಕಬೇಕು. ಹಾಗೆ ಸೊರಗಿದ ತಾಯಿಗೆ ಹುಟ್ಟುವ ಮರಿಯೂ ಬಡಕಲು. ಮರಿಗಳಿಗೆ ತೋಳದ ಜೊತೆ ಕರಿಕರಡಿ, ಕೊಯೋಟಿ ಎಂಬ ಸಣ್ಣ ತೋಳದಂಥ ಪ್ರಾಣಿಗಳ ಕಾಟವೂ ಇದೆ.

ಮಿನ್ನೆಸೋಟದಲ್ಲಿ ನಡೆದದ್ದು ನೋಡಿ. 1995–96, 1996–97ರ ಎರಡು ಚಳಿಗಾಲ ಬಹಳ ಕ್ರೂರವಾಗಿದ್ದವು. ಜಿಂಕೆಗಳು ಗುಂಪುಗುಂಪಾಗಿ ಸತ್ತವು, 1997ರ ಬೇಟೆ ಕುಸಿಯಿತು. ಆಗ ಅಲ್ಲಿ ಸುಮಾರು 2,400 ತೋಳಗಳಿದ್ದವು. 2003ರ ಹೊತ್ತಿಗೆ ತೋಳಗಳು 3,000 ಮುಟ್ಟಿದವು. ಅದೇ ವರ್ಷ ಬೇಟೆಗಾರರು 2 ಲಕ್ಷ 90 ಸಾವಿರ ಜಿಂಕೆ ಹೊಡೆದರು. ಅದು ಅಲ್ಲಿನ ದಾಖಲೆ. ತೋಳ ಒಂದೇ ಕಾರಣವಾಗಿದ್ದರೆ ಹೀಗಾಗಲು ಸಾಧ್ಯವೇ ಇರಲಿಲ್ಲ, ಅಲ್ವಾ?

ತೋಳ ಕೊಂದ ಜಿಂಕೆಗಳನ್ನು ಎಣಿಸಿದರೆ ಸಾಲದು. ಅವುಗಳಲ್ಲಿ ಎಷ್ಟು ಮುಂದಿನ ನವೆಂಬರ್‌ವರೆಗೆ, ಅಂದರೆ ಬೇಟೆಯ ಕಾಲದವರೆಗೆ, ಬದುಕಿರುತ್ತಿದ್ದವು ಎಂದೂ ಕೇಳಬೇಕು. ತೋಳಕ್ಕೆ ಸುಲಭವಾಗಿ ಸಿಗುವುದು ಮರಿ, ಮುದಿ, ಹಸಿದು ಬಸವಳಿದ ಜಿಂಕೆ. ಮಾರ್ಚ್‌ನಲ್ಲಿ ಹಸಿವಿನಿಂದ ಸಾಯಲಿದ್ದ ಜಿಂಕೆಯನ್ನು ಫೆಬ್ರವರಿಯಲ್ಲಿ ತೋಳ ಹಿಡಿದರೆ ಬೇಟೆಗಾರನಿಗೆ ಏನೂ ನಷ್ಟವಿಲ್ಲ. ಬೇಟೆಗಾರ ಹೊಡೆಯುವ ಹೆಣ್ಣು ಜಿಂಕೆ ಸಾಮಾನ್ಯವಾಗಿ ಒಳ್ಳೆಯ ವಯಸ್ಸಿನದು, ಇನ್ನೂ ಹಲವು ಮರಿ ಹಾಕಬೇಕಾದದ್ದು. ಅದಕ್ಕೇ ಆ ರಾಜ್ಯಗಳು ಜಿಂಕೆಗಳ ಸಂಖ್ಯೆ ಬೆಳೆಸಬೇಕೆಂದಾಗ ಹೆಣ್ಣು ಜಿಂಕೆ ಹೊಡೆಯುವ ಪರವಾನಗಿಗಳನ್ನು ಕಡಿಮೆ ಮಾಡುತ್ತವೆ.

ತೋಳದಿಂದ ಏನೂ ಆಗುವುದೇ ಇಲ್ಲ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ 1995 ಮತ್ತು 1996ರಲ್ಲಿ 31 ತೋಳಗಳನ್ನು ತಂದು ಬಿಟ್ಟರು. ಅಲ್ಲಿನ ಉತ್ತರ ಭಾಗದಲ್ಲಿ ಸುಮಾರು 19,000 ಇದ್ದ ಎಲ್ಕ್‌ಗಳು (ಜಿಂಕೆ ಜಾತಿಯ ದೊಡ್ಡ ಪ್ರಾಣಿ) 2013ರ ಹೊತ್ತಿಗೆ 4,000ದಷ್ಟಕ್ಕೆ ಇಳಿದವು. ಕರಡಿ, ಪೂಮಾ, ಬರಗಾಲ, ಉದ್ಯಾನದ ಹೊರಗಿನ ಬೇಟೆ, ಇವೆಲ್ಲಕ್ಕೂ ಅದರಲ್ಲಿ ಪಾಲಿದೆ. ತೋಳಕ್ಕೂ ಇದೆ.

ಇನ್ನೊಂದು ಸಂಗತಿ. ಜಿಂಕೆ ಕಾಡಿನಲ್ಲಿದ್ದೂ ಕಣ್ಣಿಗೆ ಬೀಳದೆ ಇರಬಹುದು. ವಿಸ್ಕಾನ್ಸಿನ್‌ನಲ್ಲಿ ತೋಳ ಬಂದ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ವಾಹನಕ್ಕೆ ಜಿಂಕೆ ಡಿಕ್ಕಿಯಾಗುವುದು ಸುಮಾರು 24 ಶೇಕಡಾ ಕಡಿಮೆಯಾಗಿದೆ ಎಂದು 2021ರ ಒಂದು ಅಧ್ಯಯನ ತೋರಿಸಿತು. ಜಿಂಕೆಗಳ ಸಂಖ್ಯೆ ಇಳಿದದ್ದಕ್ಕಿಂತ ಅವುಗಳ ನಡವಳಿಕೆ ಬದಲಾದದ್ದೇ ಇದಕ್ಕೆ ಮುಖ್ಯ ಕಾರಣ. ತೋಳಗಳು ರಸ್ತೆ, ಕಾಲುದಾರಿಯ ಗುಂಟ ಓಡಾಡುತ್ತವೆ, ಜಿಂಕೆ ಅಂಥ ಜಾಗದಿಂದ ದೂರ ಸರಿಯುತ್ತದೆ. ತಾತನ ಕಾಲದಿಂದ ಒಂದೇ ಕಾಲುದಾರಿಯ ಪಕ್ಕ ಕಾದು ಕೂತವನಿಗೆ ಕಾಡೇ ಖಾಲಿಯಾದಂತೆ ಕಾಣುವುದು ಸಹಜ.

ಜಿಂಕೆ ಹೋಗುವುದಾದರೂ ಎಲ್ಲಿಗೆ? ಡೇವಿಡ್ ಮೀಚ್ ಎಂಬ ತೋಳ ತಜ್ಞರು 1977ರಲ್ಲೇ ಇದಕ್ಕೆ ಒಂದು ಸುಳಿವು ಕೊಟ್ಟಿದ್ದರು. ಈಶಾನ್ಯ ಮಿನ್ನೆಸೋಟದಲ್ಲಿ ಜಿಂಕೆಗಳು ತೀರಾ ಕಡಿಮೆಯಾದಾಗ, ಉಳಿದವು ಹೆಚ್ಚಾಗಿ ಬದುಕಿದ್ದು ಎರಡು ತೋಳದ ಹಿಂಡುಗಳ ನಡುವಿನ ಗಡಿಯ ಪಟ್ಟಿಯಲ್ಲಿ. ಪಕ್ಕದ ಹಿಂಡಿನ ಜೊತೆ ಕಾದಾಟ ಬೇಡವೆಂದು ತೋಳಗಳು ಅಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತಿರಲಿಲ್ಲ.