ಕೂಲೆಂಟ್ ಕಪ್ಪಾದರೆ ಸಾಲದು

"ಸಾರ್, ಗ್ರಾಫೀನ್ ಹಾಕಿದ್ದೀವಿ, ಆದ್ರೂ ಟೂಲ್ ಸವೀತಿದೆ. ಇನ್ನೂ ಸ್ವಲ್ಪ ಜಾಸ್ತಿ ಹಾಕೋಣ್ವಾ?" ಪೀಣ್ಯದ ಕಾರ್ಖಾನೆಗಳಿಂದ ನನಗೆ ಬರುವ ಮಾಮೂಲಿ ಪ್ರಶ್ನೆ ಇದು. ಬೇಡ. ಮೊದಲು ಟ್ಯಾಂಕಿನ ತಳ ನೋಡಿ. ಟೂಲಿನಿಂದ ಲೋಹ ಕತ್ತರಿಸುವಾಗ ತಂಪು ಮಾಡಲು ಹರಿಸುವ ನೀರು ಬೆರೆಸಿದ ದ್ರವವೇ ಕೂಲೆಂಟ್. ಅದಕ್ಕೆ ಇವರು ಹಾಕುವ ಗ್ರಾಫೀನ್ ಅಂದರೆ ಅತಿ ತೆಳು ಹಾಳೆಗಳಂಥ ಇಂಗಾಲದ ಪುಡಿ.

ಇಂಗಾಲದ ನ್ಯಾನೋ ಕಣಗಳು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು, ಲೋಹದ ಮೇಲೆ ತೆಳು ಪದರವಾಗಿ ಕೂತು ಘರ್ಷಣೆ ತಗ್ಗಿಸುವುದು ನಿಜ. ಆದರೆ ಅವು ಬಿಡಿಬಿಡಿಯಾಗಿ ಇರಬೇಕು. ಗ್ರಾಫೀನ್‌ಗೆ ನೀರೆಂದರೆ ಆಗದು. ಸುಮ್ನೆ ಸುರಿದು ಕಲಕಿದರೆ ರಾಗಿ ಹಿಟ್ಟಿನ ಹಾಗೆ ಗಂಟು ಕಟ್ಟುತ್ತದೆ. ಗಂಟಾದ ಮೇಲೆ ಅದು ನ್ಯಾನೋ ಅಲ್ಲ, ಬರೀ ಕಸ. ಫಿಲ್ಟರ್ ಕಟ್ಟುತ್ತದೆ, ನಾಜಲ್ ಕಟ್ಟುತ್ತದೆ. ಕೂಲೆಂಟ್ ಮಾತ್ರ ಕಪ್ಪಗೇ ಇರುತ್ತದೆ. ಎಲ್ಲರೂ ಮೋಸ ಹೋಗುವುದು ಆ ಬಣ್ಣಕ್ಕೇ.

ಹಾಗಂತ ಇಂಗಾಲಕ್ಕೆ ನೀರು ಶತ್ರುವೇನಲ್ಲ. ಎರಡನೇ ಮಹಾಯುದ್ಧದಲ್ಲಿ ತುಂಬಾ ಎತ್ತರಕ್ಕೆ ಹಾರಿದ ವಿಮಾನಗಳ ಜನರೇಟರುಗಳಲ್ಲಿ ಕಾರ್ಬನ್ ಬ್ರಷ್‌ಗಳು, ಅಂದರೆ ತಿರುಗುವ ಭಾಗಕ್ಕೆ ಉಜ್ಜಿಕೊಂಡು ಕರೆಂಟ್ ಸಾಗಿಸುವ ಗ್ರಾಫೈಟ್ ಎಂಬ ಇಂಗಾಲದ ತುಂಡುಗಳು, ಬೇಗ ಬೇಗ ಪುಡಿಯಾಗುತ್ತಿದ್ದವು. ಗ್ರಾಫೈಟ್ ಜಾರಲು ತೇವ ಬೇಕು, ಅಲ್ಲಿನ ಗಾಳಿಯಲ್ಲಿ ಅದು ಸಾಲುತ್ತಿರಲಿಲ್ಲ.

ಆಮ್ಲಜನಕ ಸೇರಿದ ಗ್ರಾಫೀನ್, ಅಂದರೆ ಗ್ರಾಫೀನ್ ಆಕ್ಸೈಡ್ ಆದರೆ ನೀರಿನೊಂದಿಗೆ ಹೊಂದಿಕೊಳ್ಳುತ್ತದೆ. ಕಣಗಳ ಮೇಲೆಲ್ಲ ಋಣ ಚಾರ್ಜ್ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಡಿಸ್ಟಿಲ್ಡ್ ನೀರಿನಲ್ಲಿ ವಾರಗಟ್ಟಲೆ ತೇಲುತ್ತದೆ. ನಮ್ಮದು ಬೋರ್‌ವೆಲ್ ನೀರು, ಅಲ್ವಾ? ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ಚಾರ್ಜನ್ನು ಅಡಗಿಸಿಬಿಡುತ್ತವೆ. ತಳ್ಳಾಟ ನಿಂತು ಕಣಗಳು ಅಂಟಿಕೊಳ್ಳುತ್ತವೆ, ಕೆಳಗಿಳಿಯುತ್ತವೆ. ಸಾವಿರಾರು ರೂಪಾಯಿಯ ಪುಡಿ ತರುವವರೇ ಲವಣ ತೆಗೆದ ಆರ್‌ಒ ನೀರಿನ ಖರ್ಚಿಗೆ ಮುಖ ಸಿಂಡರಿಸುತ್ತಾರೆ!

ಒಬ್ಬ ಹಿರಿಯ ಫೋರ್‌ಮನ್ ಇದಕ್ಕೆ ಒಳ್ಳೆ ಉಪಾಯ ಮಾಡಿದರು. ಒಂದು ಬಾಟಲಿಗೆ ಬೋರ್ ನೀರು, ಇನ್ನೊಂದಕ್ಕೆ ಆರ್‌ಒ ನೀರು, ಎರಡಕ್ಕೂ ಒಂದೇ ಅಳತೆಯ ಗ್ರಾಫೀನ್ ಆಕ್ಸೈಡ್ ದ್ರಾವಣ. ರಾತ್ರಿಯಿಡೀ ಕಿಟಕಿಯಲ್ಲಿಟ್ಟರು. ಬೆಳಿಗ್ಗೆ ಮಾಲೀಕರು ಬಂದಾಗ ಮಾತೇ ಆಡಲಿಲ್ಲ, ಬಾಟಲಿಗಳ ಕಡೆ ಕೈ ತೋರಿಸಿದರು. ಆರ್‌ಒ ಮೆಷಿನ್ ಬಂತು. ನೀವೂ ಮಾಡಿ ನೋಡಿ, ಆದರೆ ನಿಮ್ಮ ಕೂಲೆಂಟನ್ನೂ ಬೆರೆಸಿ. ಅದರಲ್ಲಿರುವ ರಾಸಾಯನಿಕಗಳೂ ಹೀಗೇ ಕಾಟ ಕೊಡಬಹುದು.

ಪ್ರಮಾಣದ ಮಾತು. ಪ್ರಕಟವಾದ ಎಷ್ಟೋ ಪ್ರಯೋಗಗಳಲ್ಲಿ ತೂಕದ ಶೇ. 0.1ರ ಆಸುಪಾಸು ಅಥವಾ ಅದಕ್ಕೂ ಕಡಿಮೆಯೇ ಚೆನ್ನಾಗಿ ಕೆಲಸ ಮಾಡಿದೆ. ಅದು ಮೀರಿದರೆ ಸವೆತ ಮತ್ತೆ ಏರಬಹುದು. ನಿಮ್ಮ ಲೋಹಕ್ಕೆ ಎಷ್ಟು ಬೇಕೆಂದು ಪರೀಕ್ಷಿಸದೆ ನಾನು ಹೇಳಲಾರೆ. ಅಲ್ಯೂಮಿನಿಯಂ ಆದರೆ ತುಕ್ಕಿನ ಪರೀಕ್ಷೆಯೂ ಆಗಲಿ.

ಒಣ ಪುಡಿಯ ಡಬ್ಬಿ ತೆರೆಯುವಾಗ ಫ್ಯಾನ್ ಆರಿಸಿ, ಒಳ್ಳೆ ಮಾಸ್ಕ್ ಹಾಕಿ, ಹುಡುಗರಿಗೂ ಹಾಕಿಸಿ. ನೀರಿನಲ್ಲಿ ಮೊದಲೇ ಬೆರೆಸಿದ್ದು ಸಿಕ್ಕರೆ ಅದನ್ನೇ ತಗೊಳ್ಳಿ.